ತುಕೊಗೆ ಉಣಿಸುವ ಬಗೆ

ಪಾಯ್ಸಾಂದು
10 ಮಾರ್ಚ್ 1997

ನಿದಿಯಾ,

ನೀನು ಹೇಗಿದ್ದೀಯ ಎಂದು ಕೇಳಲು ಬರೆಯುತ್ತಿಲ್ಲ. ಹೇಗಾದರೂ ಇರು. ನನ್ನ ಮಗನನ್ನು ಕೊಂದವಳಿಗೆ ಕಾಗದ ಬರೆಯುವ ದಿನ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಬೆಕ್ಕಿನ ವಿಷಯ ನಿನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ಪೊಲೀಸರು ನಿಮ್ಮ ಮನೆಗೆ ಬೀಗ ಹಾಕುವಾಗ ತುಕೊನನ್ನು ನಾನೇ ಎತ್ತಿಕೊಂಡು ಬಂದೆ. ವಿಲ್ಸನ್‌ನ ಅಂಗಿಗಳು ತಣ್ಣಗಿದ್ದವು, ಗಡಿಯಾರ ತಣ್ಣಗಿತ್ತು. ಅವನ ಕೈ ಸವರಿದ್ದರಲ್ಲಿ ಬೆಚ್ಚಗೆ ಉಳಿದದ್ದು ಈ ಕೆಂಪು ಬೆಕ್ಕೊಂದೇ.

ಈಗ ಅದು ನನ್ನನ್ನೇ ತಿನ್ನುತ್ತಿದೆ. ಬೆಳಿಗ್ಗೆ ಒಂದು ದೊಡ್ಡ ಬಟ್ಟಲು ತುಂಬಿಸಿ ಇಡುತ್ತೇನೆ. ಅನ್ನ, ಮಾಂಸದ ಚೂರು, ಹಾಲು, ಯಾವುದಕ್ಕೂ ಕಡಿಮೆ ಮಾಡಿಲ್ಲ. ಉಸಿರು ಬಿಡದೆ ನುಂಗುತ್ತದೆ, ಬಾಗಿಲ ತನಕ ಹೋಗಿ ಎಲ್ಲವನ್ನೂ ಕಕ್ಕುತ್ತದೆ. ಆಮೇಲೆ ಖಾಲಿ ಬಟ್ಟಲಿನ ಮುಂದೆ ಕೂತು ಕಾವಲು ಕಾಯುತ್ತದೆ. ಕಳೆದ ವಾರ ಬಟ್ಟಲು ತೊಳೆಯಲು ಬಗ್ಗಿದೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿಬಿಟ್ಟಿತು. ಒಳಗಿನ ಬಿಳಿ ಕಂಡಿತು. ಹೊಲಿಗೆ ಹಾಕಿದ ಡಾಕ್ಟರು "ಯಾವ ನಾಯಿ ಕಚ್ಚಿದ್ದು?" ಎಂದರು.

ಅದೆಮಾರ್ ನೋಡಿ, "ಮುದುಕಮ್ಮಾ, ಒಂದು ಚೀಲ, ಎರಡು ಕಲ್ಲು, ನದಿ. ಮುಗೀತು" ಅಂದ. ನನಗೆ ಉಳಿದಿರುವವನು ಈ ಒಬ್ಬ ಮಗ, ಅವನ ಮಾತು ತಳ್ಳಿಹಾಕುವುದು ಕಷ್ಟ. ಆದರೂ ಸ್ವಲ್ಪ ತಡಿ ಅಂದೆ.

ನೀನು ಅದಕ್ಕೆ ಏನು ಹಾಕುತ್ತಿದ್ದೆ, ಹೇಗೆ ಹಾಕುತ್ತಿದ್ದೆ, ಅಷ್ಟು ಬರೆ. ಬೇರೇನೂ ಬರೆಯಬೇಡ. ನನ್ನ ಮಗನ ಹೆಸರು ನಿನ್ನ ಕೈಯಿಂದ ಬರೆಯಬೇಡ.

ಎತೆಲ್ವಿನಾ


ಮಹಿಳಾ ಸೆರೆಮನೆ, ಮೊಂಟೆವಿಡಿಯೊ
19 ಮಾರ್ಚ್ 1997

ಎತೆಲ್ವಿನಾ ಅತ್ತೆಯವರಿಗೆ,

ಹೀಗೆ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಬೇರೆ ಏನೇನೋ ಬರೆದು ನೋಡಿದೆ, ಯಾವುದೂ ಸರಿ ಕಾಣಲಿಲ್ಲ. ಬೇಡವಾದರೆ ಹೊಡೆದುಹಾಕಿ.

ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ.

ತುಕೊಗೆ ದೊಡ್ಡ ಬಟ್ಟಲು ಬೇಡ. ಬೆಕ್ಕಿನ ಹೊಟ್ಟೆಗೆ ಒಂದು ಸಲಕ್ಕೆ ಒಂದು ಇಲಿ ಸಾಕು. ದಿನವಿಡೀ ಹುಡುಕಿ, ಹಿಡಿದು, ಚೂರು ಚೂರು ತಿನ್ನುವ ಪ್ರಾಣಿ ಅದು. ಎಲ್ಲವನ್ನೂ ಒಂದೇ ಸಲ ಮುಂದಿಟ್ಟರೆ, ಇನ್ನು ಸಿಗುವುದಿಲ್ಲ ಎಂಬ ಹೆದರಿಕೆಯಲ್ಲೇ ನುಂಗುತ್ತದೆ. ಆ ಹೆದರಿಕೆಯೇ ಆಮೇಲೆ ಉಗುರಾಗಿ ಹೊರಗೆ ಬರುತ್ತದೆ. ನೀವು ಕೊಡುವಷ್ಟನ್ನೇ ಐದಾರು ಪಾಲು ಮಾಡಿ. ಒಂದು ಪಾಲು ಕಪಾಟಿನ ಮೇಲೆ, ಒಂದು ಹೂವಿನ ಕುಂಡಗಳ ಹಿಂದೆ, ಒಂದು ಕಿಟಕಿಯ ಕಟ್ಟೆಯಲ್ಲಿ. ರಟ್ಟಿನ ಮೊಟ್ಟೆ ಟ್ರೇಯ ಗುಳಿಗಳಲ್ಲಿ ಒಂದೊಂದು ಚೂರು ಹಾಕಿಟ್ಟರೆ ಪಂಜದಿಂದ ಎತ್ತಿ ತೆಗೆದು ತಿನ್ನುತ್ತಾನೆ. ಅದು ಅವನ ಬೇಟೆ. ಬೇಟೆ ಮುಗಿಸಿದ ಬೆಕ್ಕು ಮೈ ನೆಕ್ಕಿಕೊಂಡು ಮಲಗುತ್ತದೆ, ಯಾರ ಮೇಲೂ ಹಾರುವುದಿಲ್ಲ.

ಹಾಲು ಬೇಡ. ತಿನ್ನುವಾಗ ಯಾರೂ ಹತ್ತಿರ ನಿಲ್ಲುವುದು ಬೇಡ. ಬೆಂಕಿಯ ಹತ್ತಿರ ಎಂದೂ ಉಣಿಸಬೇಡಿ. ಮನೆಯವರು ಮೇಜಿಗೆ ಕೂರುವ ಮೊದಲೇ ಅವನ ಹೊಟ್ಟೆ ತುಂಬಿರಲಿ, ಇದು ಮುಖ್ಯ.

ನಿಮ್ಮ ಕೈಯ ಗಾಯಕ್ಕೆ ನನಗೆ ನೋವಾಗಿದೆ. ಹೀಗೆ ಬರೆಯುವುದು ನಿಮಗೆ ಸಿಟ್ಟು ತರಿಸಬಹುದು, ಆದರೂ ಬರೆಯದೆ ಬಿಡುವುದು ಸುಳ್ಳಾಗುತ್ತಿತ್ತು.

ದಯವಿಟ್ಟು ಅವನನ್ನು ಕಟ್ಟಿಹಾಕಬೇಡಿ.

ನಿದಿಯಾ


ಪಾಯ್ಸಾಂದು
7 ಏಪ್ರಿಲ್ 1997

ನಿದಿಯಾ,

ನಿನ್ನ ಕಾಗದ ಓದಿ ನಮ್ಮ ಸೊಸೆ ಮಾಬೆಲ್ ಬಿದ್ದು ಬಿದ್ದು ನಕ್ಕಳು. "ಅತ್ತೆ, ರಾಷ್ಟ್ರಪತಿಗಳಿಗೂ ಇಷ್ಟು ಕಡೆ ಊಟ ಬಡಿಸಲ್ಲ!" ಅಂದಳು. ಅದೆಮಾರ್ ತನ್ನ ಹೆಂಡತಿಯ ಕಡೆ ನೋಡಿದ, ಅವಳು ನಗು ನಿಲ್ಲಿಸಿದಳು.

ಆದರೂ ಮಾಡಿದೆ. ಮನೆ ತುಂಬ ಇರುವೆ ಬಂದರೂ ಬರಲಿ ಎಂದು ಮೊಟ್ಟೆ ಟ್ರೇ ಇಟ್ಟೆ. ಪಂಜ ಹಾಕಿ, ಚೂರನ್ನು ಮೇಲಕ್ಕೆ ಎಸೆದು, ನೆಲಕ್ಕೆ ಬಡಿದು, ಮತ್ತೆ ಮತ್ತೆ ಕೊಂದು ತಿಂದಿತು. ನಾನು ನಕ್ಕುಬಿಟ್ಟೆ. ನವೆಂಬರಿನ ಈಚೆಗೆ ನಕ್ಕಿರಲಿಲ್ಲ. ನೀನು ಹೇಳಿಕೊಟ್ಟದ್ದಕ್ಕೆ ನಕ್ಕೆನಲ್ಲ ಎಂದು ಆಮೇಲೆ ಮೈ ಉರಿಯಿತು. ಕಕ್ಕುವುದು ನಿಂತಿದೆ. ಮಧ್ಯಾಹ್ನ ನನ್ನ ಹೊಲಿಗೆ ಬುಟ್ಟಿಯಲ್ಲಿ ಮಲಗುತ್ತದೆ.

ಆದರೆ ಬೆಂಕಿಯ ಹತ್ತಿರ ಉಣಿಸಬೇಡಿ ಎಂದೆಯಲ್ಲ, ಅದು ಯಾಕೆ? ನನ್ನ ಮಗ ಭಾನುವಾರ ಮಾಂಸ ಸುಡುವಾಗ ಇದಕ್ಕೂ ಒಂದು ಚೂರು ಎಸೆಯುತ್ತಿದ್ದ. ಫೋನಿನಲ್ಲಿ ನನಗೆ ಹೇಳುತ್ತಿದ್ದ, "ಅಮ್ಮಾ, ನನ್ನ ಬೆಕ್ಕು ಮಾಂಸಕ್ಕೆ ಎರಡು ಕಾಲ ಮೇಲೆ ನಿಂತು ಕುಣಿಯುತ್ತೆ, ಬಂದವರೆಲ್ಲ ನಕ್ಕು ನಕ್ಕು ಸಾಯ್ತಾರೆ" ಎಂದು. ಅದನ್ನೂ ಅವನಿಂದ ಕಿತ್ತುಕೊಳ್ಳಬೇಕೆ ನಿನಗೆ?

ನಿನ್ನೆ ಅದೆಮಾರ್ ಅಂಗಳದಲ್ಲಿ ಕೆಂಡ ಹಾಕಿದ. ಮಾಬೆಲ್‌ಳ ತಂದೆ ತಾಯಿ ಬಂದಿದ್ದರು. ಬೆಕ್ಕು ಗೋಡೆಯ ಮೇಲೆ ಸುಮ್ಮನೆ ಕೂತಿತ್ತು. ಮಾಂಸ ಮೇಜಿಗೆ ಬಂತು. ಮಾಬೆಲ್‌ಳ ತಂದೆ ಎಂದಿನಂತೆ "ಮಾಂಸ ಸುಟ್ಟವನಿಗೊಂದು ಚಪ್ಪಾಳೆ!" ಎಂದು ಕೂಗಿದರು. ಎಲ್ಲರೂ ತಟ್ಟಿದೆವು. ಎಲ್ಲರಿಗಿಂತ ಮೊದಲು ತಟ್ಟುವವಳು ನಾನು. ಅಷ್ಟರಲ್ಲಿ ಅದು ಗೋಡೆಯಿಂದ ನೇರ ನನ್ನ ಕೈಗಳ ಮೇಲೆ ಹಾರಿತು. ಹೆಬ್ಬೆರಳಿನ ಬುಡದ ಮಾಂಸಕ್ಕೆ ಹಲ್ಲು ನೆಟ್ಟು ಜೋತುಬಿತ್ತು. ಮೇಜಿನ ಬಟ್ಟೆಯ ಮೇಲೆ ರಕ್ತ, ಸಲಾಡಿನೊಳಗೆ ರಕ್ತ. ಅದೆಮಾರ್ ಬೂದಿ ಎತ್ತುವ ಸಲಿಕೆಯಿಂದ ಬಾರಿಸಿದ. ಬೆಕ್ಕು ಗೋಡೆಗೆ ಬಡಿದು ಬಿದ್ದಿತು, ಹಿಂಗಾಲು ಎಳೆದುಕೊಂಡು ಮಂಚದ ಕೆಳಗೆ ಹೋಯಿತು.

"ಮುಂದಿನ ಸಲ ಕೆಂಡದ ಮೇಲೆ ಇದೇ ಇರುತ್ತೆ, ಉಪ್ಪು ಹಾಕಿ ಇಟ್ಕೊಂಡಿರು" ಅಂದ ನನ್ನ ಮಗ. ತಮಾಷೆಗೆ ಅಂದದ್ದಲ್ಲ.

ಇದಕ್ಕೆ ಏನು ಕಲಿಸಿದ್ದೀಯ ನೀನು? ನಮ್ಮ ಚಪ್ಪಾಳೆ ಕಂಡರೆ ಆಗದಂತೆ ಬೆಳೆಸಿದೆಯಾ?

ಎತೆಲ್ವಿನಾ


ಮೊಂಟೆವಿಡಿಯೊ
17 ಏಪ್ರಿಲ್ 1997

ಎತೆಲ್ವಿನಾ ಅತ್ತೆಯವರಿಗೆ,

ಮೊದಲು ಕಾಲು. ಮೂಳೆ ಮುರಿದಿದ್ದರೆ ತಾನಾಗಿ ಕೂಡುವುದಿಲ್ಲ. ಪ್ರಾಣಿಗಳ ಡಾಕ್ಟರಿಗೆ ತೋರಿಸಿ. ಮುಟ್ಟಲು ಬಿಡದಿದ್ದರೆ ಮೇಲೆ ದಪ್ಪ ಟವೆಲ್ ಹಾಕಿ ಎತ್ತಿ.

ನಾನು ಅವನಿಗೆ ಏನನ್ನೂ ಕಲಿಸಲಿಲ್ಲ. ಅವನಿಗೆ ದೊಡ್ಡ ಸದ್ದು ಆಗುವುದಿಲ್ಲ, ಚಪ್ಪಾಳೆಯಂತೂ ಆಗುವುದೇ ಇಲ್ಲ. ಇದನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು. ಬರೆದು, ಕಾರಣ ಕೇಳುತ್ತೀರಿ ಎಂದು ಹೊಡೆದುಹಾಕಿದ್ದೆ. ನಿಮ್ಮ ಹೆಬ್ಬೆರಳಿಗೆ ಗಾಯವಾದದ್ದು ನನ್ನ ಆ ಗೀಟಿನಿಂದ.

ಭಾನುವಾರ ಚಪ್ಪಾಳೆ ತಟ್ಟುವ ಹೊತ್ತಿಗೆ ಅವನನ್ನು ನಿಮ್ಮ ಮಲಗುವ ಕೋಣೆಯಲ್ಲಿ ಬಿಟ್ಟು, ಟ್ರೇಯಲ್ಲಿ ಲಿವರ್ ಹಾಕಿ ಬಾಗಿಲು ಮುಚ್ಚಿ. ಉಳಿದ ದಿನಗಳಲ್ಲಿ ಹೀಗೆ ಮಾಡಿ: ಅವನು ಕೋಣೆಯ ಆ ತುದಿಯಲ್ಲಿ ಲಿವರ್ ತಿನ್ನುತ್ತಿರುವಾಗ ಈ ತುದಿಯಲ್ಲಿ ಕೂತು ಒಂದು ಬೆರಳಿನಿಂದ ಅಂಗೈ ತಟ್ಟಿ. ಅವನಿಗೆ ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ. ಅವನು ತಿನ್ನುವುದು ನಿಲ್ಲಿಸಿದರೆ ನೀವೂ ನಿಲ್ಲಿಸಿ. ವಾರ ಕಳೆದ ಮೇಲೆ ಎರಡು ಬೆರಳು. ಆ ಸದ್ದು ಬಂದರೆ ಲಿವರ್ ಸಿಗುತ್ತದೆ, ಇನ್ನೇನೂ ಆಗುವುದಿಲ್ಲ ಎಂದು ಅವನ ಮನಸ್ಸಿಗೆ ನಾಟಬೇಕು.

ಅವನ ಎಡಗಿವಿಯ ಸುಟ್ಟ ಗಾಯದ ಬಗ್ಗೆ ಡಾಕ್ಟರು ಕೇಳಿದರೆ, ಒಲೆಗೆ ತಾಗಿದ್ದು ಎಂದು ಹೇಳಿ.

ಇಲ್ಲಿ ನಿನ್ನೆ ಮಧ್ಯಾಹ್ನ ರೊಟ್ಟಿಯ ಸಾಲಿನಲ್ಲಿ ಒಬ್ಬಳು ಉಜ್ಜಿ ಹರಿತ ಮಾಡಿದ ಚಮಚದಿಂದ ಇನ್ನೊಬ್ಬಳ ಕೆನ್ನೆಗೆ ತೂತು ಮಾಡಿದಳು. ನಮಗೆಲ್ಲ ಒಂದೇ ಹಂಡೆ, ಒಂದೇ ಹೊತ್ತು. ಜಗಳವೂ ಅದೇ ಹೊತ್ತಿಗೆ. ನನಗೆ ಬೆಕ್ಕಿನ ಬಟ್ಟಲು ನೆನಪಾಯಿತು. ಹಾಗೆ ನೆನಪಾದದ್ದು ಆ ಹೆಂಗಸಿಗೆ ಮಾಡಿದ ಅವಮಾನವೋ ಎಂದು ಇಡೀ ದಿನ ಯೋಚಿಸಿದೆ.

ನಿದಿಯಾ


ಪಾಯ್ಸಾಂದು
5 ಮೇ 1997

ನಿದಿಯಾ,

ಸುಳ್ಳಿ.

ಕಾಲು ಮುರಿದಿಲ್ಲ, ಉಳುಕಿದೆ. ಆದರೆ ಪ್ರಾಣಿಗಳ ಡಾಕ್ಟರಮ್ಮ ಅದನ್ನು ತಿರುಗಿಸಿ ಹೊಟ್ಟೆಯ ಕೂದಲು ಬಿಡಿಸಿ ನನಗೆ ತೋರಿಸಿದಳು. "ಇಲ್ಲಿ ನೋಡಿ ಅಮ್ಮಾ, ಇದು ಒಲೆಗೆ ತಾಗಿದ್ದಲ್ಲ. ಒಂದು ಗೆರೆ, ಪಕ್ಕದಲ್ಲಿ ಇನ್ನೊಂದು ಗೆರೆ, ನಡುವೆ ಸಮ ಅಂತರ. ಪಾದದಲ್ಲೂ ಅದೇ. ಯಾರೋ ಮಾಂಸ ಸುಡೋ ಸರಳುಗಳ ಮೇಲೆ ಒತ್ತಿ ಹಿಡಿದಿದಾರೆ" ಅಂದಳು. ನನ್ನನ್ನೇ ಅನುಮಾನದಿಂದ ನೋಡಿದಳು. ಬಸ್ಸಿನಲ್ಲಿ ಬರುವಾಗ ಬುಟ್ಟಿಯೊಳಗೆ ಕೈ ಹಾಕಿದೆ. ಗೆರೆಗಳು ಬೆರಳಿಗೆ ಸಿಕ್ಕವು.

ಒತ್ತಿ ಹಿಡಿದವಳು ನೀನೇ. ಕಬ್ಬಿಣದ ಸಲಾಕೆಯಿಂದ ನನ್ನ ಮಗನ ತಲೆ ಒಡೆದವಳಿಗೆ ಒಂದು ಬೆಕ್ಕು ಯಾವ ಲೆಕ್ಕ? ಕೋರ್ಟಿನಲ್ಲಿ ಜಡ್ಜ್ ಸಾಹೇಬರು "ಯಾಕೆ ಹೊಡೆದೆ?" ಎಂದು ಎಷ್ಟು ಸಲ ಕೇಳಿದರು. ನೀನು ಗೋಡೆ ನೋಡುತ್ತಿದ್ದೆ. ಇಂಗ್ಲಿಷ್ ಶಾಲೆಯಲ್ಲಿ ಓದಿ ಮಕ್ಕಳಿಗೆ ಪಾಠ ಹೇಳುವವಳು, ನಾಲಿಗೆ ಇಲ್ಲದವಳಂತೆ ನಿಂತಿದ್ದೆ. ನನ್ನ ಮಗನಿಗೆ ಕೊನೆಗೊಂದು ಕಾರಣವನ್ನೂ ಕೊಡಲಿಲ್ಲ.

ಈಗ ಕೇಳು. 25ರ ಭಾನುವಾರ ಅದೆಮಾರ್ ಕೆಂಡ ಹಾಕಲು ಬರುತ್ತಾನೆ. ಚೀಲವನ್ನೂ ತರುತ್ತಾನೆ. ನಾನು ಆಗಲಿ ಅಂದಿದ್ದೇನೆ. ಅಷ್ಟರೊಳಗೆ ಆ ಗೆರೆಗಳು ಹೇಗೆ ಬಂದವು ಎಂದು ಬರೆ. ನಿಜ ಬರೆದರೆ ಬೆಕ್ಕು ಉಳಿಯುತ್ತದೆ. ಇಲ್ಲವಾದರೆ ನದಿ.

ಎತೆಲ್ವಿನಾ


ಮೊಂಟೆವಿಡಿಯೊ
12 ಮೇ 1997

ಅತ್ತೆ,

ಕೋರ್ಟಿನಲ್ಲಿ ನಾನು ಸುಮ್ಮನಿದ್ದಾಗ ನೀವು ಮುಂದಿನ ಸಾಲಿನಲ್ಲಿ ಅವನ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಿರಿ. ಒಮ್ಮೆ ಕೊಂದ ಮಗನನ್ನು ನಿಮ್ಮ ಎದುರಿಗೆ ಇನ್ನೊಮ್ಮೆ ಕೊಲ್ಲುವುದು ಬೇಡ ಎಂದುಕೊಂಡೆ. ಅದು ಕರುಣೆ ಎಂದು ಆಗ ಅನ್ನಿಸಿತ್ತು. ಈಗ ಯೋಚಿಸಿದರೆ ನಾಚಿಕೆಯೇ ಇರಬೇಕು. ಓದಿದವಳು, ಬೇರೆಯವರಿಗೆ ಬುದ್ಧಿ ಹೇಳುವವಳು, ಇಷ್ಟು ವರ್ಷ ಯಾಕೆ ಅಲ್ಲೇ ಇದ್ದೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಬೆಕ್ಕು ಕುಣಿಯುತ್ತಿತ್ತು ಎಂದು ನೀವು ಕೇಳಿದ್ದು ನಿಜ. ಶುಕ್ರವಾರ ವಿಲ್ಸನ್ ಅವನನ್ನು ಸ್ನಾನದ ಮನೆಯಲ್ಲಿ ಕೂಡಿಹಾಕುತ್ತಿದ್ದ. ಭಾನುವಾರದವರೆಗೆ ನೀರು ಮಾತ್ರ. ಭಾನುವಾರ ಬಾಗಿಲು ತೆಗೆದರೆ ತುಕೊ ನೇರ ಕೆಂಡದ ಹತ್ತಿರ ಓಡುತ್ತಿದ್ದ. ಇವನು ಕಡ್ಡಿಗೆ ಕೊಬ್ಬು ಸಿಕ್ಕಿಸಿ ಮೇಲೆ ಹಿಡಿಯುತ್ತಿದ್ದ. ಬೆಕ್ಕು ಎರಡು ಕಾಲ ಮೇಲೆ ನಿಂತು, ಬಿದ್ದು, ಮತ್ತೆ ನಿಲ್ಲುತ್ತಿತ್ತು. ಕುದಿಯುವ ಕೊಬ್ಬಿನ ಹನಿ ಮುಖಕ್ಕೆ ಬೀಳುತ್ತಿತ್ತು. ಕಿವಿ ಸುಟ್ಟದ್ದು ಹಾಗೆ. ಬಂದವರು ನಗುತ್ತಿದ್ದರು. ಆಮೇಲೆ ಸುಟ್ಟವನಿಗೆ ಚಪ್ಪಾಳೆ. ಅತಿಥಿಗಳು ಹೋದ ಮೇಲೆ ನನ್ನ ಚಪ್ಪಾಳೆಯ ವಿಚಾರಣೆ. "ನಿನ್ನ ಕೈಗೇನು ಲಕ್ವಾ ಹೊಡೆದಿತ್ತಾ? ಮೇಡಮ್ಮಿಗೆ ನಮ್ಮ ಮಾಂಸ ಸೇರಲ್ವೋ?" ಎನ್ನುತ್ತಿದ್ದ. ಒದ್ದೆ ಟವೆಲಿನಲ್ಲಿ ಸೋಪು ಕಟ್ಟಿ ಹೊಡೆದರೆ ಗುರುತು ಉಳಿಯುವುದಿಲ್ಲ. ಆಗ ತುಕೊ ಮೇಜಿನ ಕೆಳಗೆ ಇರುತ್ತಿದ್ದ. ಅವನಿಗೆ ಚಪ್ಪಾಳೆ ಎಂದರೆ ಮುಂದೆ ಬರುವುದು ಅದು.

ಹಸಿವೇ ಅವನನ್ನು ಕುಣಿಸುತ್ತದೆ ಎಂದು ನನಗೆ ತಿಳಿದಿತ್ತು. ಅದಕ್ಕೆ ಸ್ನಾನದ ಮನೆಯಲ್ಲಿ ಬಕೆಟಿನ ಹಿಂದೆ, ಒದ್ದೆ ಬಟ್ಟೆಗಳ ಕೆಳಗೆ, ಮೊಟ್ಟೆ ಟ್ರೇಯಲ್ಲಿ ಚೂರು ಚೂರು ಅಡಗಿಸಿಡಲು ಶುರು ಮಾಡಿದೆ. ನಿಮಗೆ ಬರೆದ ಕ್ರಮವೆಲ್ಲ ನಾನು ಹೀಗೆ ಕಲಿತದ್ದು.

ಆ ಭಾನುವಾರ ತುಕೊ ಹೊರಗೆ ಬಂದ. ಕೊಬ್ಬನ್ನು ಮೂಸಿದ. ಪಂಜ ನೆಕ್ಕಿಕೊಂಡ. ಅಂಗಳದ ನಡುವೆ ಕಾಲು ಚಾಚಿ ಮಲಗಿಬಿಟ್ಟ. ಅತಿಥಿಗಳು ಈ ಸಲ ನಕ್ಕದ್ದು ವಿಲ್ಸನ್‌ನನ್ನು ನೋಡಿ. ಯಾರೋ "ಸುಟ್ಟವನಿಗಲ್ಲ, ಬೆಕ್ಕಿಗೊಂದು ಚಪ್ಪಾಳೆ!" ಎಂದರು.

ಎಲ್ಲರೂ ಹೋದ ಮೇಲೆ ಅವನು ಹುಡುಕಿದ. ಶಾಲೆಗೆ ಹಾಕಿಕೊಳ್ಳುವ ನನ್ನ ಬಿಳಿ ನಿಲುವಂಗಿಯ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಲಿವರ್ ಸಿಕ್ಕಿತು. ಅದನ್ನು ನನ್ನ ಬಾಯಿಗೆ ತುರುಕಿದ, ಉಸಿರು ಕಟ್ಟುವವರೆಗೆ. ನನ್ನ ಹಲ್ಲೊಂದು ಅದರ ಜೊತೆ ಹೊರಗೆ ಬಂತು. ಆಮೇಲೆ ತುಕೊನ ಕತ್ತು ಹಿಡಿದು ಸರಳುಗಳ ಮೇಲೆ ಒತ್ತಿದ. "ಕುಣಿ" ಎಂದ. ಕೆಂಡ ಇನ್ನೂ ಇತ್ತು. ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ.

ಸಲಾಕೆ ಪಕ್ಕದಲ್ಲೇ ಇತ್ತು. ಮೊದಲ ಏಟಿಗೆ ಅವನು ಬೆಕ್ಕನ್ನು ಬಿಟ್ಟ. ಎರಡನೆಯ ಏಟಿಗೆ ಮಂಡಿಯೂರಿದ. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಇನ್ನೊಂದು ಹೊಡೆದೆ. ಅದು ಬೇಕಿತ್ತೆ? ಬೆಕ್ಕು ಆಗಲೇ ಗೋಡೆ ಹಾರಿ ಹೋಗಿತ್ತು. ನಾನೂ ಹೋಗಬಹುದಿತ್ತು. ಇಲ್ಲಿ ಪ್ರತಿ ದಿನ ನನ್ನನ್ನು ನಾನು ಕೇಳಿಕೊಳ್ಳುವುದು ಇದೊಂದೇ.

ನಂಬಿ ಎಂದು ಕೇಳುವುದಿಲ್ಲ. ತುಕೊನನ್ನು ನದಿಗೆ ಹಾಕಬೇಡಿ.

ನಿದಿಯಾ


ಮೊಂಟೆವಿಡಿಯೊ
9 ಜೂನ್ 1997

ಅತ್ತೆ,

25 ಕಳೆಯಿತು. ನನ್ನ ಕಾಗದ ಮುಟ್ಟಿತೇ? ಟಪಾಲು ಬರುವ ದಿನ ಬಾಗಿಲ ಹತ್ತಿರ ನಿಲ್ಲುತ್ತೇನೆ. ಬೈದು ಬರೆದರೂ ಸರಿ. ಅವನು ಇದ್ದಾನೋ ಇಲ್ಲವೋ, ಅಷ್ಟು ಸಾಕು.

ನಿದಿಯಾ


ಮೊಂಟೆವಿಡಿಯೊ
30 ಜೂನ್ 1997

ಅತ್ತೆ,

ನೀವು ಹೇಳಿದ ಮಾತಿನಂತೆ ನಡೆಯುವವರು. ನಿಜ ಬರೆದರೆ ಉಳಿಯುತ್ತದೆ ಎಂದಿರಿ. ನಾನು ಬರೆದದ್ದು ನಿಜವೆಂದು ನಿಮಗೆ ಅನ್ನಿಸಲಿಲ್ಲ ಎಂದು ತಿಳಿದುಕೊಂಡಿದ್ದೇನೆ. ಇನ್ನು ಬರೆದು ತೊಂದರೆ ಕೊಡುವುದಿಲ್ಲ.

ನಿದಿಯಾ


ಪಾಯ್ಸಾಂದು
14 ಜುಲೈ 1997

ನಿದಿಯಾ,

ಅಕ್ಷರ ಸೊಟ್ಟ ಇವೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಎರಡು ದಿನ ಬೇಕಾಗುತ್ತದೆ, ಬೇರೆಯವರ ಕೈಯಲ್ಲಿ ಬರೆಸುವ ವಿಷಯವಲ್ಲ.

ನಿನ್ನ ಕಾಗದವನ್ನು ನಾನು ನಂಬಲಿಲ್ಲ. ಓದಿ ಒಲೆಗೆ ಹಾಕಿದೆ. ಹೆತ್ತವಳಿಗೆ ತನ್ನ ಮಗ ಎಂಥವನೆಂದು ತಿಳಿಯದೇ ಇರುತ್ತದೆಯೇ ಎಂದುಕೊಂಡೆ. ಸರಿ, ಭಾನುವಾರ ಚಪ್ಪಾಳೆ ತಟ್ಟದೆ ಕೂತು ನೋಡೋಣ, ಏನಾಗುತ್ತದೆ? ಏನೂ ಆಗುವುದಿಲ್ಲ. ನೀನು ಸುಳ್ಳಿ ಎಂದು ನಿನಗೇ ಬರೆದು ತಿಳಿಸೋಣ ಎಂದಿದ್ದೆ.

25ರಂದು ತುಕೊನನ್ನು ಕೋಣೆಯಲ್ಲಿ ಬಿಟ್ಟು ಲಿವರ್ ಹಾಕಿ ಬಾಗಿಲು ಮುಚ್ಚಿದೆ. ಅದೆಮಾರ್ ಮಾಂಸ ತಂದಿಟ್ಟ. ಮಾಬೆಲ್, ಅವಳ ತಂದೆ ತಾಯಿ, ಎಲ್ಲರೂ ತಟ್ಟಿದರು. ನಾನು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡೆ.

"ಯಾಕಮ್ಮಾ, ಕೈ ಬಿದ್ದುಹೋಯ್ತಾ?" ಅಂದ, ನಗುತ್ತಲೇ.

"ಇವತ್ತು ತಟ್ಟಲ್ಲ ಕಣೋ" ಅಂದೆ.

ಅವನು ನಗುತ್ತಲೇ ಇದ್ದ. ಆದರೆ ಮಾಬೆಲ್ ನನ್ನ ಕಾಲನ್ನು ಮೇಜಿನ ಕೆಳಗೆ ಒತ್ತಿದಳು. "ತಟ್ಟಿ ಅತ್ತೆ, ದಮ್ಮಯ್ಯ, ತಟ್ಟಿಬಿಡಿ" ಎಂದು ತುಟಿ ಅಲ್ಲಾಡಿಸದೆ ಹೇಳಿದಳು. ಅವಳ ಮುಖ ನೋಡಿದೆ. ಇನ್ನೇನೂ ನೋಡುವುದು ಉಳಿದಿರಲಿಲ್ಲ.

ಬೀಗರು ಹೋಗುವವರೆಗೂ ಕಾದ. ಆಮೇಲೆ ನನ್ನ ಬಲಗೈಯನ್ನು ಹಿಡಿದು ಮೇಜಿಗೆ ಬಡಿದ. "ಹೀಗೆ ತಟ್ಟೋದು, ಹೀಗೆ!" ಎಂದು ಮತ್ತೆ ಮತ್ತೆ ಬಡಿದ. ಮಣಿಕಟ್ಟು ಮುರಿದ ಸದ್ದು ನನಗಿಂತ ಮೊದಲು ಮಾಬೆಲ್‌ಗೆ ಕೇಳಿಸಿತು, ಅವಳು ಕಿರುಚಿದಳು. ಅವಳ ಹೊಟ್ಟೆಗೆ ಒದ್ದು ಚೀಲ ತೆಗೆದುಕೊಂಡು ಕೋಣೆಗೆ ಹೋದ.

ನೀನು ಹೇಳಿದ ಹಾಗೆಲ್ಲ ಮಾಡಿದ್ದೆನಲ್ಲ, ಅದರ ಫಲ ನೋಡು. ತುಕೊ ಹೊಟ್ಟೆ ತುಂಬಿ ಸಮಾಧಾನವಾಗಿದ್ದ. ಹಾರಲಿಲ್ಲ, ಕಚ್ಚಲಿಲ್ಲ. ಅದೆಮಾರ್ ಎತ್ತಿದರೆ ಎತ್ತಿಸಿಕೊಂಡ. ಮೊದಲಿನ ತುಕೊ ಆಗಿದ್ದರೆ ಅವನ ಕಣ್ಣು ಕೀಳುತ್ತಿದ್ದ. ನಾವು ಅವನಿಗೆ ಕೈಗಳನ್ನು ನಂಬುವುದು ಕಲಿಸಿಬಿಟ್ಟಿದ್ದೆವು. ಚೀಲದೊಳಗೆ ಹೋದ ಮೇಲೆ ಒಂದು ಸಲ ಮಿಯಾಂವ್ ಅಂದ, ಊಟ ಕೇಳುವಾಗ ಅನ್ನುತ್ತಾನಲ್ಲ, ಹಾಗೆ.

ಅದೆಮಾರ್ ಚೀಲ ಹಿಡಿದು ಅಂಗಳಕ್ಕೆ ಬಂದ. ಮಾಟೆ ಚಹಾಕ್ಕೆ ಕೆಂಡದ ಪಕ್ಕ ನೀರು ಕಾಯುತ್ತಿತ್ತು. ಎಡಗೈಯಲ್ಲಿ ಕೆಟಲು ಎತ್ತಿ ಅವನ ತೋಳಿಗೆ ಸುರಿದೆ. ನಾನು ಹೆತ್ತ ತೋಳು. ಚರ್ಮ ಅಂಗಿಯ ತೋಳಿನಂತೆ ಸರಿಯಿತು. ಬೆಕ್ಕಿನ ಚೀಲ ಬಿಟ್ಟು ಅಂಗಳದಲ್ಲಿ ಉರುಳಾಡಿದ. ಕೆಟಲಿನಲ್ಲಿ ಇನ್ನೂ ನೀರಿತ್ತು. ಅವನು ನೆಲದ ಮೇಲಿದ್ದ, ಮುಖ ಮೇಲೆ ಮಾಡಿ. ಚೀಲ ನನ್ನ ಕಾಲ ಹತ್ತಿರವೇ ಇತ್ತು, ಇನ್ನು ಯಾವ ಭಯವೂ ಇರಲಿಲ್ಲ. ಆದರೂ ನನ್ನ ಕೈ ಕೆಟಲನ್ನು ಬಗ್ಗಿಸುತ್ತಿತ್ತು ನಿದಿಯಾ. ಮಾಬೆಲ್ ಬಂದು ಕೆಟಲಿನ ಕೆಳಗೆ ತನ್ನ ಕೈ ಇಟ್ಟಳು, ಅದಕ್ಕೆ ನಿಂತೆ. ನಿನ್ನ ಅಂಗಳದಲ್ಲಿ ಕೈ ಇಡುವವರು ಯಾರೂ ಇರಲಿಲ್ಲ. ನೀನು ಕೇಳಿಕೊಳ್ಳುವ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಇಷ್ಟೇ. ಕ್ಷಮಿಸಿದೆ ಎಂದು ಬರೆಯಲು ಈ ಕೈಗೂ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಕೇಳಿದರು. ಅಂಗಳದಲ್ಲಿ ಜಾರಿದೆ ಅಂದೆ. ಮನೆಗೆ ಬಂದ ಮೇಲೆ, ನಾನೂ ನಿನ್ನ ಹಾಗೆ, ಒಲೆಗೆ ತಾಗಿದ್ದು ಎಂಬಂಥ ಸುಳ್ಳನ್ನೇ ಹೇಳಿದೆನಲ್ಲ ಅನ್ನಿಸಿತು. ಮಾರನೆಯ ದಿನ ಮಾಬೆಲ್‌ಳನ್ನು ಕರೆದುಕೊಂಡು ಅಲ್ಲಿಗೇ ಹೋಗಿ ನಡೆದದ್ದನ್ನು ಹೇಳಿದೆ. ಬರೆದುಕೊಂಡರು. ಮಾಬೆಲ್ ಈಗ ನನ್ನ ಜೊತೆ ಇದ್ದಾಳೆ. ಅದೆಮಾರ್ ಎಲ್ಲಿದ್ದಾನೋ, ತೋಳಿಗೆ ಯಾರು ಔಷಧಿ ಹಚ್ಚುತ್ತಾರೋ ತಿಳಿಯದು. ಅದನ್ನು ಯೋಚಿಸುವುದನ್ನು ನಿಲ್ಲಿಸಲು ನನಗೆ ಬರುವುದಿಲ್ಲ.

ನಿನ್ನ ವಕೀಲರ ವಿಳಾಸ ಕಳಿಸು. ಕೋರ್ಟಿನಲ್ಲಿ ನೀನು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಹೊಟ್ಟೆಯ ಆ ಗೆರೆಗಳನ್ನು ನೋಡಿದ ಡಾಕ್ಟರಮ್ಮನೂ ಬರುತ್ತೇನೆ ಅಂದಿದ್ದಾಳೆ.

ತುಕೊ ಬದುಕಿದ್ದಾನೆ. ಚೀಲದಿಂದ ಬಿಟ್ಟಾಗಿನಿಂದ ಮಂಚದ ಕೆಳಗೇ ಇದ್ದಾನೆ. ಬಟ್ಟಲು, ಟ್ರೇ, ಲಿವರ್ ಯಾವುದಕ್ಕೂ ಹೊರಗೆ ಬರುವುದಿಲ್ಲ, ಒಳಗೆ ತಳ್ಳಿಟ್ಟದ್ದರಲ್ಲಿ ನಾವು ಮಲಗಿದ ಮೇಲೆ ಒಂದೆರಡು ಚೂರು ತಿಂದರೆ ಹೆಚ್ಚು, ಮೂಳೆ ಎಣಿಸಬಹುದು. ಮೊದಲಿನಿಂದ ಶುರು ಮಾಡಬೇಕು. ಹೇಗೆಂದು ವಿವರವಾಗಿ ಬರೆ, ಈ ಸಲ ಏನನ್ನೂ ಹೊಡೆದುಹಾಕಬೇಡ. ನನಗೂ ಆ ಮೇಜಿನಲ್ಲಿ ಕೂತರೆ ತುತ್ತು ಇಳಿಯುವುದಿಲ್ಲ. ನನ್ನ ತಟ್ಟೆಯನ್ನು ಮಂಚದ ಪಕ್ಕ ನೆಲದ ಮೇಲೆ ಇಟ್ಟುಕೊಂಡು, ಅವನ ಕಡೆ ನೋಡದೆ, ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತೇನೆ. ನಿನ್ನೆ ಒಳಗಿನಿಂದಲೂ ಅಗಿಯುವ ಸದ್ದು ಕೇಳಿಸಿತು.

ನಿನ್ನ ಅತ್ತೆ,
ಎತೆಲ್ವಿನಾ